ದುರ್ಬೀನಿನ ಬಳಿ ನಿಂತಿದ್ದವರು

ದೆವ್ವದ ಮಾತು ಬಂದರೆ ಎದ್ದು ಹೋಗುವ ಜಾತಿಯವನು ನಾನು. ಸುಮ್ಮನೆ ಎದ್ದು ಹೋಗುವುದೂ ಅಲ್ಲ, ಹೋಗುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ಹೇಳುವವರ ಹುರುಪಿಗೆ ತಣ್ಣೀರು ಸುರಿದೇ ಹೋಗುತ್ತಿದ್ದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಾನಿದ್ದದ್ದು ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ. ಉಗಿಯ ಒತ್ತಡ, ನೀರಿನ ಹರಿವು, ಬಾಯ್ಲರಿನ ಶಾಖ ತೋರಿಸುವ ಮೀಟರುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ನೋಡುವುದು ನನ್ನ ಕೆಲಸ. ಒಮ್ಮೆ ರಾತ್ರಿ ಪಾಳಿಯವರು ಬಿದಿರು ಪೇರಿಸುವ ಯಾರ್ಡಿನಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ನಿಲ್ಲುತ್ತಾಳೆಂದು ಆ ಕಡೆ ಹೋಗುವುದನ್ನೇ ಬಿಟ್ಟರು. ನಾನು ಟಾರ್ಚು ಹಿಡಿದು ಹೋಗಿ ನೋಡಿದೆ. ಹಳೆಯ ಪೈಪಿನ ಕೀಲಿನಿಂದ ಉಗಿ ಸೋರುತ್ತಿತ್ತು. ಮರುದಿನ ವಾಷರ್ ಬದಲಾಯಿಸಿದರು, ಹೆಂಗಸು ಹೋದಳು. ಇದನ್ನು ನಾನು ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಂದು ಕೂತರೆ ಜನ ಮಾತು ಬದಲಿಸುತ್ತಿದ್ದರು.

ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕಲಘಟಗಿ ಕಡೆಯ ನಮ್ಮೂರಿನಿಂದ ಕೆಲಸಕ್ಕೆಂದು ದಾಂಡೇಲಿಗೆ ಬಂದೆ, ಅಪ್ಪ ತೀರಿಕೊಂಡರು, ಅವ್ವನನ್ನು ಕರೆತಂದು ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡೆ. ಅಲ್ಲಿ ಇಲ್ಲಿ ಕೇಳಿದರು, ಕೂಡಿ ಬರಲಿಲ್ಲ, ಆಮೇಲೆ ಕೇಳುವವರೂ ಇಲ್ಲವಾದರು. ಅವ್ವ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬನೇ ಉಳಿದೆ. ಪಾಳಿಯ ಕೆಲಸದಿಂದ ನಿದ್ದೆಯ ಲೆಕ್ಕ ತಪ್ಪಿಹೋಗಿತ್ತು. ರಾತ್ರಿ ಎಚ್ಚರಾದರೆ ಹಿತ್ತಲಿಗೆ ಬಂದು ಆಕಾಶ ನೋಡುತ್ತ ನಿಲ್ಲುವುದು ರೂಢಿಯಾಯಿತು. ಅದೇ ಮುಂದೆ ಹುಚ್ಚಾಯಿತು.

ದುರ್ಬೀನನ್ನು ನಾನೇ ಮಾಡಿಕೊಂಡೆ. ಹತ್ತು ಇಂಚು ಅಗಲದ ಗಾಜಿನ ಬಿಲ್ಲೆ ತರಿಸಿ, ಅದರ ಮೇಲೆ ಪುಡಿ ಹಾಕಿ, ಇನ್ನೊಂದು ಬಿಲ್ಲೆಯಿಂದ ಉಜ್ಜುತ್ತ ಉಜ್ಜುತ್ತ ಕನ್ನಡಿಯನ್ನು ತಗ್ಗಾಗಿ ತಿದ್ದುವ ಕೆಲಸ. ಒಂದು ಮಳೆಗಾಲ ಪೂರ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನೇ ಮಾಡಿದೆ. ಬಡಿಗ ಪ್ಲೈವುಡ್ಡಿನ ಪೀಠ ಮಾಡಿಕೊಟ್ಟ. ನನ್ನಷ್ಟೇ ಎತ್ತರದ ಕೊಳವೆ, ಅದರ ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಪುಟ್ಟ ಮಸೂರ. ಐಪೀಸ್ ಅನ್ನುತ್ತೇವೆ ಅದಕ್ಕೆ. ಮೋಟಾರು ಗೀಟಾರು ಏನೂ ಇಲ್ಲ. ಕೈಯಿಂದಲೇ ತಿರುಗಿಸಬೇಕು.

ಇದೊಂದು ಸಂಗತಿ ನಿಮಗೆ ತಿಳಿದಿರಬೇಕು. ಭೂಮಿ ತಿರುಗುವುದರಿಂದ ನಕ್ಷತ್ರಗಳೆಲ್ಲ ಮೂಡಣದಿಂದ ಪಡುವಣಕ್ಕೆ ಸರಿಯುತ್ತಲೇ ಇರುತ್ತವೆ. ಬರಿಗಣ್ಣಿಗೆ ಅದು ತಿಳಿಯುವುದಿಲ್ಲ. ದುರ್ಬೀನಿನಲ್ಲಿ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಒಂದು ನಕ್ಷತ್ರವನ್ನು ನೋಟದ ನಡುವೆ ತಂದು ನಿಲ್ಲಿಸಿದರೆ, ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅದು ಅಂಚಿಗೆ ಹೋಗಿ ಮರೆಯಾಗುತ್ತದೆ. ಅದನ್ನು ಹಿಡಿದಿಡಬೇಕೆಂದರೆ ಕೊಳವೆಯ ಮೇಲೆ ಕೈಯಿಟ್ಟು ಆಗಾಗ ಕೂದಲೆಳೆಯಷ್ಟು ತಳ್ಳುತ್ತಿರಬೇಕು. ಬಿಟ್ಟರೆ ಹೋಯಿತು.

ಮೊದಲು ಚಂದ್ರ, ಶನಿ, ಗುರು ನೋಡಿದೆ. ಕ್ವಾರ್ಟರ್ಸಿನ ಮಂದಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಆಮೇಲೆ ನನಗೆ ದೂರದವುಗಳ ಮೇಲೆ ಮನಸ್ಸು ಹೋಯಿತು. ನಮ್ಮ ಆಕಾಶಗಂಗೆಯ ಹೊರಗಿರುವ ಬೇರೆ ಗ್ಯಾಲಕ್ಸಿಗಳು, ಅವುಗಳ ಹಿಂಡುಗಳು. ಕನ್ಯಾರಾಶಿಯ ದಿಕ್ಕಿನಲ್ಲಿ ಅಂಥ ಒಂದು ದೊಡ್ಡ ಹಿಂಡೇ ಇದೆ. ಒಂದೊಂದರಲ್ಲೂ ಕೋಟ್ಯಂತರ ಸೂರ್ಯರು, ಆದರೆ ಕಾಣುವುದು ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು. ನೆಟ್ಟಗೆ ನೋಡಿದರೆ ಅದೂ ಕಾಣುವುದಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡಬೇಕು. ಅದನ್ನು ತೋರಿಸಲು ಹೋದರೆ ಜನ ಒಂದು ಕ್ಷಣ ಕಣ್ಣಿಟ್ಟು, ಏನೂ ಕಾಣುವುದಿಲ್ಲವೆಂದು ನಕ್ಕು, ಊಟಕ್ಕೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದರು. ಅವರದೇನೂ ತಪ್ಪಿಲ್ಲ. ಕ್ರಮೇಣ ನಾನು ಕರೆಯುವುದನ್ನು ಬಿಟ್ಟೆ. ಇಷ್ಟು ದೂರದ್ದನ್ನು ಕಂಡು, ಕಂಡೆ ಎಂದು ಪಕ್ಕದವರಿಗೆ ಹೇಳಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆಗುವ ಬೇಸರ ಒಂದು ಥರದ್ದು. ಅನುಭವಿಸಿದವರಿಗೆ ಗೊತ್ತು.

ದಾಂಡೇಲಿಯ ದೀಪಗಳ ಬೆಳಕು ಹೆಚ್ಚಾದ ಹಾಗೆ ಅಂಥವು ಕಾಣುವುದು ನಿಂತಿತು. ಆಗ ನನಗೆ ಜಾಗ ಕೊಟ್ಟವನು ಜುಜೆ. ಅವನು ಸಿದ್ದಿ ಜನಾಂಗದವನು. ಕಾರ್ಖಾನೆಗೆ ಬಂದ ಬಿದಿರಿನ ಲಾರಿ ಇಳಿಸುವ ಕೂಲಿ ಮಾಡುತ್ತಿದ್ದಾಗ ಪರಿಚಯ. ಆಮೇಲೆ ಕೂಲಿ ಬಿಟ್ಟು ಜೊಯಿಡಾದಿಂದ ಕ್ಯಾಸಲ್‌ರಾಕ್ ಕಡೆ ಹೋಗುವ ರಸ್ತೆಯ ಒಳಗೆ ಇದ್ದ ತನ್ನ ಹೊಲಕ್ಕೆ ಮರಳಿದ್ದ. ಭತ್ತ ಕೊಯ್ದಾದ ಮೇಲೆ ಗದ್ದೆ ಖಾಲಿ. ಸುತ್ತ ಕಾಡು, ನಡುವೆ ತೆರೆದ ಆಕಾಶ. ಅಮಾವಾಸ್ಯೆಯ ಆಸುಪಾಸು ರಜೆ ಹೊಂದಿಸಿಕೊಂಡು ಹಳೆಯ ವ್ಯಾನಿನಲ್ಲಿ ದುರ್ಬೀನು ಹೇರಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಜುಜೆ, ಅವನ ಹೆಂಡತಿ ರೋಜಿ, ಮತ್ತು ಅವನ ತಾಯಿ ಮರಿಯಾನ್. ಇದ್ದೊಬ್ಬ ಮಗಳನ್ನು ಮುಂಡಗೋಡ ತಾಲೂಕಿನ ಮಳಗಿಗೆ ಕೊಟ್ಟಿದ್ದರು. ಮುದುಕಿಗೆ ಒಂದು ಕಣ್ಣಲ್ಲಿ ಪೊರೆ, ಮೊಣಕಾಲಿನ ನೋವು. ಗೋಡೆ ಹಿಡಿಯದೆ ನಡೆಯುತ್ತಿರಲಿಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ಆಕೆ ನನಗೆ ತಮ್ಮಾ ಅನ್ನುತ್ತಿದ್ದಳು. ಮನೆಯಲ್ಲಿ ಕೊಂಕಣಿ ಆಡಿದರೂ ನನ್ನೊಡನೆ ಹಳಿಯಾಳದ ಸಂತೆಯಲ್ಲಿ ಕಲಿತ ಕನ್ನಡ.

ಆ ದಿನಗಳಲ್ಲಿ ನಾನು ಹಿಂದೆ ಬಿದ್ದಿದ್ದು ಒಂದು ಕ್ವೇಸಾರ್. ಬಹು ದೂರದ ಗ್ಯಾಲಕ್ಸಿಯ ನಡುಮಧ್ಯದಲ್ಲಿ, ಅದರ ಎಲ್ಲ ನಕ್ಷತ್ರಗಳನ್ನೂ ಮೀರಿಸುವಂತೆ ಉರಿಯುವ ಒಂದು ಪುಟ್ಟ ಜಾಗ. ಕನ್ಯಾರಾಶಿಯಲ್ಲಿ, ಚಿತ್ತಾ ಮತ್ತು ಉತ್ತರಾ ನಕ್ಷತ್ರಗಳ ನಡುವೆ ಎಲ್ಲೋ, ನನ್ನಂಥವರ ದುರ್ಬೀನಿಗೂ ನಿಲುಕುವ ಒಂದು ಕ್ವೇಸಾರ್ ಇದೆ. ಅದರ ಬೆಳಕು ಹೊರಟು ಇನ್ನೂರು ಕೋಟಿ ವರ್ಷವಾಯಿತು ಎನ್ನುತ್ತಾರೆ. ಆದರೆ ನೋಡಲು ಅದು ಬರೀ ಒಂದು ಮಂಕು ಚುಕ್ಕೆ. ಸುತ್ತಲಿರುವ ನಮ್ಮ ಮನೆಯ ನಕ್ಷತ್ರಗಳಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ನಕ್ಷೆ ಹಿಡಿದು, ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ, ಇದೇ ಅದು ಎಂದು ಗುರುತಿಸಬೇಕು. ಎರಡು ಬೇಸಿಗೆ ಹುಡುಕಿ ಸಿಕ್ಕಿರಲಿಲ್ಲ.

ಯುಗಾದಿ ಅಮಾವಾಸ್ಯೆಯ ರಾತ್ರಿ ಸಿಕ್ಕಿತು. ಊಟ ಮುಗಿಸಿ ಮನೆಯವರು ಮಲಗಿದ್ದರು. ಜಗಲಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಗದ್ದೆಯ ನಡುವೆ ನಾನು. ಚುಕ್ಕೆಗಳು ನಕ್ಷೆಯಲ್ಲಿದ್ದ ಹಾಗೆಯೇ ಒಂದೊಂದಾಗಿ ಹೊಂದುತ್ತ ಬಂದವು. ಕೊನೆಗೆ ಓರೆಯಾದ ಪುಟ್ಟ ತ್ರಿಕೋನವೊಂದರ ಪಕ್ಕದಲ್ಲಿ ಅದು ನಿಂತಿತ್ತು. ನಾಲ್ಕಾರು ಸಲ ಕಣ್ಣು ತೆಗೆದು ನಕ್ಷೆ ನೋಡಿ ಮತ್ತೆ ನೋಡಿದೆ. ಅದೇ. ನನಗೆ ತಿಳಿಯದ ಹಾಗೆ ಬಾಯಲ್ಲಿ ಮಾತು ಬಂತು, “ಸಿಕ್ಕತು, ಬಂದು ನೋಡ್ರಿ.” ಯಾರಿಗೆ ಅಂದೆನೋ ಗೊತ್ತಿಲ್ಲ. ಕತ್ತಲಲ್ಲಿ ನನ್ನ ಧ್ವನಿ ನನಗೇ ಕೇಳಿಸಿ ಒಂಥರಾ ಆಯಿತು. ಮತ್ತೆ ಕಣ್ಣಿಟ್ಟೆ.

ನೋಡಿದ್ದು ಸ್ವಲ್ಪ ಹೊತ್ತು, ಅಷ್ಟೇ. ಮನೆಯ ಕಡೆಯಿಂದ ರೋಜಿ ಓಡಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಸರ್, ಲಗೂ ಬರ್ರಿ. ಅವ್ರಿಗೆ ಹಾವು ಕಚ್ಚೇತಿ.”

ನೆಲಕ್ಕೆ ಹಾಸಿಕೊಂಡ ಚಾಪೆಯ ಅಂಚಿನಲ್ಲಿ ಅವಳೇ ಹಾವನ್ನು ನೋಡಿದ್ದಳು. ಕಪ್ಪು ಮೈ, ಬಿಳಿಯ ಪಟ್ಟಿ. ಕಟ್ಟುಹಾವು ಎಂದು ನನಗೆ ಆಗಲೇ ಗೊತ್ತಾಯಿತು. ಅದು ಕಚ್ಚಿದರೆ ನೋವೂ ಹೆಚ್ಚು ಆಗುವುದಿಲ್ಲ, ಬಾವೂ ಬರುವುದಿಲ್ಲ. ಆದರೆ ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಜುಜೆ ಎದ್ದು ಕೂತು, ತನಗೇನೂ ಆಗಿಲ್ಲ, ಹೊಟ್ಟೆ ಸ್ವಲ್ಪ ಹಿಡಿದಂತಾಗಿದೆ, ಬೆಳಗಾದ ಮೇಲೆ ನೋಡೋಣ ಎನ್ನುತ್ತಿದ್ದ. ಅವನ ಮಾತು ಕೇಳಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಆಂಬುಲೆನ್ಸ್ ಕರೆಯುವ ಮಾತೇ ಇಲ್ಲ. ಇಬ್ಬರೂ ಹಿಡಿದು ವ್ಯಾನಿನ ಹಿಂದೆ ಮಲಗಿಸಿದೆವು. ರೋಜಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಯಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಆಕೆಗೊಂದು ಮಾತು ಹೇಳಿ ಹೊರಡಲೂ ಹೊತ್ತಿರಲಿಲ್ಲ.

ವ್ಯಾನು ತಿರುಗಿಸುವಾಗ ಹೆಡ್‌ಲೈಟು ಗದ್ದೆಯ ಮೇಲೆ ಹಾಯಿತು. ದುರ್ಬೀನು ನಿಂತಿತ್ತು, ಬಾಯಿ ಪೂರ್ವ ಆಗ್ನೇಯಕ್ಕೆ, ನಡುನೆತ್ತಿಗಿಂತ ಕೆಳಗೆ. ಇದನ್ನು ನಾನು ಯಾಕೆ ಇಷ್ಟು ಖಚಿತವಾಗಿ ಹೇಳುತ್ತೇನೆಂದರೆ, ಆ ಗಳಿಗೆಯಲ್ಲಿ ಕನ್ನಡಿಗೆ ಮುಚ್ಚಳ ಹಾಕಿಲ್ಲವಲ್ಲ ಎಂಬ ಯೋಚನೆ ಬಂತು. ಅಂಥ ಹೊತ್ತಿನಲ್ಲಿ ಇಂಥ ಯೋಚನೆ ಬಂತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟೂ ಬಂತು.

ಆ ದಾರಿ ಹಗಲಲ್ಲೇ ಕೆಟ್ಟದ್ದು. ಹಿಂದಿನಿಂದ ರೋಜಿ ಅವನನ್ನು ಕೊಂಕಣಿಯಲ್ಲಿ ಮಾತಾಡಿಸುತ್ತಲೇ ಇದ್ದಳು. ಮಗಳ ಮದುವೆಯಲ್ಲಿ ಯಾರು ಯಾರು ಬಂದಿದ್ದರು ಹೇಳು, ಮಳಗಿಗೆ ಯಾವಾಗ ಹೋಗೋಣ ಹೇಳು ಎಂದು ಕೇಳುತ್ತಿದ್ದಳು. ಮೊದಮೊದಲು ಅವನು ಉತ್ತರ ಕೊಡುತ್ತಿದ್ದ. ಆಮೇಲೆ ಅವನ ನಾಲಿಗೆ ದಪ್ಪಗಾಯಿತು. ಒಂದು ತಿರುವಿನಲ್ಲಿ ಕಾಡುಕೋಣವೊಂದು ರಸ್ತೆಗೆ ಅಡ್ಡ ನಿಂತಿತ್ತು. ಹಾರ್ನ್ ಹಾಕಿದರೆ ಮೇಲೆ ಬರಬಹುದು, ಹಾಕದಿದ್ದರೆ ಹೋಗುವುದಿಲ್ಲ. ಇಂಜಿನ್ ಚಾಲೂ ಇಟ್ಟು ಕಾಯ್ದೆ. ಹಿಂದೆ ರೋಜಿಯ ಮಾತು ನಿಂತು ಪ್ರಾರ್ಥನೆ ಶುರುವಾಗಿತ್ತು. ಕೋಣ ತನಗೆ ಮನಸ್ಸು ಬಂದಾಗ ಕೆಳಗಿಳಿದು ಹೋಯಿತು.

ಜೊಯಿಡಾದ ಆಸ್ಪತ್ರೆಯಲ್ಲಿ ಡಾಕ್ಟರು ಇದ್ದರು, ಔಷಧಿಯೂ ಇತ್ತು. ಇದಕ್ಕಿಂತ ದೊಡ್ಡ ಪುಣ್ಯ ಬೇಕೇ? ಎಳೆಯ ವಯಸ್ಸಿನ ಡಾಕ್ಟರು. ಜುಜೆಯ ರೆಪ್ಪೆ ಎತ್ತಿ ನೋಡಿದವರೇ ಸಲೈನಿಗೆ ಔಷಧಿ ಸೇರಿಸಿದರು. ಉಸಿರು ಕಡಿಮೆಯಾದರೆ ಹುಬ್ಬಳ್ಳಿಗೆ ಒಯ್ಯಬೇಕಾದೀತು, ಗಾಡಿ ತಯಾರಿರಲಿ ಎಂದರು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ರೋಜಿ ಗಂಡನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಿದ್ದಳು. ಆ ರಾತ್ರಿ ಕ್ವೇಸಾರೂ ಇಲ್ಲ, ದುರ್ಬೀನೂ ಇಲ್ಲ, ನನ್ನ ತಲೆಯಲ್ಲಿ ಅವೆಲ್ಲ ಪೂರ್ತಿ ಅಳಿಸಿಹೋಗಿದ್ದವು. ಬೆಳಗಿನ ಜಾವಕ್ಕೆ ಮೊದಲು ಜುಜೆ ಅರ್ಧ ಕಣ್ಣು ತೆರೆದ. ಡಾಕ್ಟರು ಅವನ ಕೈಗೆ ತಮ್ಮ ಬೆರಳು ಕೊಟ್ಟು ಹಿಚುಕಲು ಹೇಳಿದರು. ಹಿಚುಕಿದ. ಗಂಡಾಂತರ ದಾಟಿತು, ಇನ್ನೂ ಒಂದು ದಿನ ಇಲ್ಲೇ ಇರಲಿ ಎಂದರು. ರೋಜಿ ಆಗ ಅತ್ತಳು, ಅಲ್ಲಿಯವರೆಗೆ ಅತ್ತಿರಲಿಲ್ಲ. ಅತ್ತು ಮುಗಿಸಿ, ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಾಳೆ, ನೀವು ಹೋಗಿ ಸುದ್ದಿ ಹೇಳಿಬಿಡಿ, ಇಲ್ಲದಿದ್ದರೆ ಜೀವ ಬಿಟ್ಟಾಳು ಎಂದಳು.

ನಾನು ಹಿಂದಿರುಗಿದಾಗ ಇನ್ನೂ ಕತ್ತಲೆ. ಆಯಿ ಕಂಬಳಿ ಹೊದ್ದು ಜಗಲಿಯಲ್ಲೇ ಕೂತಿದ್ದಳು. ಕೈಯಲ್ಲಿ ಜಪಮಣಿ. ವ್ಯಾನು ನಿಂತದ್ದೇ ಎದ್ದು ಕಂಬ ಹಿಡಿದಳು. ಮಗ ಉಳಿದ ಎಂದು ಹೇಳಿದೆ. ಕಣ್ಣು ತೆರೆದ, ಕೈ ಹಿಚುಕಿದ ಎಂದೆ. ಆಕೆ ನನ್ನ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಆ ಬಾಯಾರನ್ನ ಕರಿ ತಮ್ಮಾ ಇನ್ನ. ಪಾಪ, ರಾತ್ರಿಯೆಲ್ಲಾ ನಿಂತಾರ. ಚಾ ಮಾಡ್ತೇನಿ.”

ಈ ಕಡೆ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಯಾವ ಬಾಯಾರು ಎಂದು ಕೇಳಿದೆ. ಆಕೆ ಗದ್ದೆಯ ಕಡೆ ಕೈ ತೋರಿಸಿದಳು. ನಿನ್ನ ಜೊತೆ ಬಂದವರು, ನಿನ್ನ ಹೆಂಡತಿಯೇ ಇರಬೇಕು ಎಂದುಕೊಂಡೆ, ಆಗಿನಿಂದ ನಿನ್ನ ದುರ್ಬೀನಿನ ಹತ್ತಿರ ಇದ್ದಾರೆ ಎಂದಳು. ನಾನು ಆ ಕಡೆ ನೋಡಿದೆ. ನಕ್ಷತ್ರದ ಬೆಳಕಿನಲ್ಲಿ ಕೊಳವೆ ಕಪ್ಪಗೆ ಕಾಣುತ್ತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಮುದುಕಿಗೆ ನಿದ್ದೆಯಿಲ್ಲದೆ, ಗಾಬರಿಯಲ್ಲಿ ಏನೋ ಕಂಡಿದೆ ಎಂದುಕೊಂಡೆ. ಆಕೆ ಜಗಲಿಯ ಮೂಲೆಯ ಒಲೆಗೆ ಚಹಾದ ನೀರಿಟ್ಟಳು, ನಾನು ಎದುರಾಡದೆ, ನೋಡಿ ಬರುತ್ತೇನೆಂದು ಗದ್ದೆಗೆ ಇಳಿದೆ.

ಅರ್ಧ ದಾರಿಯಲ್ಲಿ ಕಾಲು ನಿಂತಿತು. ಕೊಳವೆಯ ಬಾಯಿ ಪಶ್ಚಿಮಕ್ಕಿತ್ತು.

ದನ ಬಂದು ಮೈ ಉಜ್ಜಿರಬೇಕು, ಇಲ್ಲವೇ ಹಂದಿ ನುಗ್ಗಿರಬೇಕು ಎಂಬುದು ನನಗೆ ಬಂದ ಮೊದಲ ಯೋಚನೆ. ಹತ್ತಿರ ಹೋಗಿ ನೋಡಿದರೆ ಪೀಠ ಅಲುಗಿರಲಿಲ್ಲ. ಕೊಳವೆಯ ಮೇಲೆಲ್ಲ ಇಬ್ಬನಿ ಹನಿಹನಿಯಾಗಿ ಕೂತಿತ್ತು. ತುದಿಯ ಹತ್ತಿರ, ತಳ್ಳಲು ಕೈಯಿಡುವ ಜಾಗ ಒಣಗಿತ್ತು. ನಾನು ಬಗ್ಗಿ ಐಪೀಸಿಗೆ ಕಣ್ಣಿಟ್ಟೆ.

ಓರೆಯಾದ ಪುಟ್ಟ ತ್ರಿಕೋನ, ಅದರ ಪಕ್ಕದಲ್ಲಿ ಕ್ವೇಸಾರ್. ನೋಟದ ನಟ್ಟನಡುವೆ.

ನನಗೆ ಆಗ ಆದದ್ದನ್ನು ಹೇಗೆ ಹೇಳಲಿ? ಭಯ ಆಮೇಲೆ ಬಂತು. ಮೊದಲು ಬಂದದ್ದು ತಪ್ಪು ನೋಡುತ್ತಿದ್ದೇನೆ ಎಂಬ ಅನುಮಾನ. ಮೀಟರು ನೋಡಿ ಬೆಳೆದ ಬುದ್ಧಿ ಅದು. ಕೆಂಪು ಟಾರ್ಚು ಹಾಕಿ ನಕ್ಷೆ ನೋಡಿದೆ, ಮತ್ತೆ ಕಣ್ಣಿಟ್ಟೆ. ಸುತ್ತಲಿನ ಒಂದೊಂದು ಚುಕ್ಕೆಯೂ ಹೊಂದುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಮೆಲ್ಲಗೆ ಸರಿಯತೊಡಗಿತು, ಎಂದಿನಂತೆ, ಸರಿಯಬೇಕಾದ ಕಡೆಗೇ. ನಾನು ಕೈ ಹಚ್ಚಲಿಲ್ಲ. ಅಂಚಿಗೆ ಹೋಗಿ ಮರೆಯಾಯಿತು. ಭಯ ಬಂದದ್ದು ಆಗ. ರಾತ್ರಿ ಹತ್ತರ ಸುಮಾರಿಗೆ ಪೂರ್ವಕ್ಕೆ ಬಿಟ್ಟು ಹೋದದ್ದು ಬೆಳಗಿನ ಜಾವ ಪಶ್ಚಿಮದಲ್ಲಿ ನಡುವೆ ನಿಂತಿರಬೇಕಾದರೆ, ಯಾರೋ ಅದನ್ನು ಅಲ್ಲಿಯವರೆಗೆ ಹಿಂಬಾಲಿಸಿರಬೇಕು. ಅದಕ್ಕಿಂತ ಹೆಚ್ಚಾಗಿ, ನಾನು ಕಣ್ಣಿಡುವ ಒಂದೆರಡು ನಿಮಿಷದ ಮುಂಚಿನವರೆಗೂ ಅಲ್ಲಿ ಒಂದು ಕೈ ಇದ್ದಿರಬೇಕು.

ಸುತ್ತ ಟಾರ್ಚು ಬೀಸಿದೆ. ಕೊಯ್ದ ಗದ್ದೆಯ ಕೂಳೆ, ಒಣಗಿದ ನೆಲ. ಹೆಜ್ಜೆ ಮೂಡುವ ಮಣ್ಣಲ್ಲ ಅದು.

ಮರಳಿ ಬಂದು ಜಗಲಿಯಲ್ಲಿ ಕೂತು ಆಯಿಯನ್ನು ಕೇಳಿದೆ. ಆಕೆ ನೋಡಿದ್ದನ್ನು ಏನೂ ಆಶ್ಚರ್ಯವಿಲ್ಲದೆ ಹೇಳಿದಳು. ನಾವು ಹೊರಟ ಮೇಲೆ ಗದ್ದೆಯ ಕಡೆ ನೋಡಿದಾಗ ಅವರು ನಿಂತಿದ್ದರಂತೆ. ಎತ್ತರದ ಹೆಂಗಸು, ತಲೆಯ ಮೇಲೆ ಹೊದಿಕೆಯಿತ್ತು, ಮುಖ ಕತ್ತಲಲ್ಲಿ ಕಾಣಲಿಲ್ಲ. ಬಗ್ಗಿ ಬಗ್ಗಿ ನೋಡುತ್ತಿದ್ದರು. ಒಂದು ಕೈ ಕೊಳವೆಯ ಮೇಲೆ.

“ಕೂಸಿನ ತೊಟ್ಟಲಾ ತೂಗಿದಂಗ, ಹಗೂರಕ ದೂಡತಿದ್ರು. ಇಲ್ಲಿ ಬಂದ ಕೂಡ್ರಿ ಅಂತ ಕರದೆ. ಕೈ ಎತ್ತಿದ್ರು, ಬರಲಿಲ್ಲ.”

ಅವರು ಅಲ್ಲಿದ್ದುದರಿಂದ ತನಗೆ ರಾತ್ರಿ ಹೆದರಿಕೆಯಾಗಲಿಲ್ಲ ಎಂದೂ ಹೇಳಿದಳು. ಮಗ ಉಳಿಯುತ್ತಾನೋ ಇಲ್ಲವೋ ಎಂದು ಎದೆ ಒಡೆಯುತ್ತಿದ್ದಾಗ, ಇನ್ನೊಂದು ಜೀವ ಎಚ್ಚರಿದೆಯಲ್ಲ ಎಂದು ಸಮಾಧಾನವಾಗುತ್ತಿತ್ತಂತೆ. ನಾನು ಒಬ್ಬನೇ ಬಂದಿದ್ದೆ, ನನಗೆ ಹೆಂಡತಿ ಇಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

“ನೀ ಗಾಡಿ ತಂದ ನಿಲ್ಸಿದಾಗೂ ಅಲ್ಲೇ ಇದ್ರಲ್ಲಾ. ನಿನಗ ಕಾಣ್ಲಿಲ್ಲೇನು?”

ಕಾಣಲಿಲ್ಲ ಎಂದೆ. ಚಹಾ ಎರಡು ಲೋಟಕ್ಕೆ ಸುರಿದಳು, ಒಂದು ನನಗೆ, ಒಂದು ತನಗೆ. ಬೆಳಗಾಗುವವರೆಗೆ ಇಬ್ಬರೂ ಗದ್ದೆಯ ಕಡೆ ಮುಖ ಮಾಡಿ ಕೂತೆವು.

ಆ ಮೇಲೆ ಇದನ್ನು ಎಷ್ಟು ಕಡೆಯಿಂದ ಯೋಚಿಸಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಆಯಿಗೆ ಒಂದು ಕಣ್ಣು ಮಾತ್ರ ಸರಿ, ಅಮಾವಾಸ್ಯೆಯ ಕತ್ತಲು, ಮನಸ್ಸು ತಳಮಳಿಸಿತ್ತು. ದುರ್ಬೀನನ್ನೇ ನಿಂತ ಹೆಂಗಸೆಂದು ಭ್ರಮಿಸಿರಬಹುದು. ಅದನ್ನು ಒಪ್ಪುತ್ತೇನೆ. ಆದರೆ ಕೊಳವೆ ತಿರುಗಿದ್ದು ಭ್ರಮೆಯಲ್ಲವಲ್ಲ. ಆಯಿಯೇ ಹೋಗಿ ತಿರುಗಿಸಿದಳೆನ್ನೋಣವೇ? ಜಗಲಿ ಇಳಿಯಲು ಆಕೆಗೆ ಮಗನ ಹೆಗಲು ಬೇಕಿತ್ತು. ಊರಿನವರು ಯಾರೋ ಬಂದು ಆಟಕ್ಕೆ ಮುಟ್ಟಿದರೆನ್ನೋಣವೇ? ಸುತ್ತ ಮನೆಗಳಿಲ್ಲ, ಇದ್ದರೂ ಆ ಮಂಕು ಚುಕ್ಕೆಯನ್ನು ಬಿಡದೆ ಹಿಡಿದಿಡುವುದು ಯಾರಿಗೆ ಬರುತ್ತದೆ? ನನಗೇ ಎರಡು ವರ್ಷ ಹಿಡಿದಿತ್ತು. ಸುಮ್ಮನೆ ತಳ್ಳಿದ್ದು ಅಕಸ್ಮಾತ್ತಾಗಿ ಅಲ್ಲಿಗೇ ಬಂದು ನಿಂತಿತು ಎನ್ನುವುದಂತೂ ನನ್ನ ಬುದ್ಧಿಗೆ ಹೊಂದುವುದಿಲ್ಲ.

ಇನ್ನೊಂದು ಸಾಧ್ಯತೆ ಇದೆ, ನಾನು ನನ್ನನ್ನೇ ಬಿಡದೆ ಕೇಳಿಕೊಂಡದ್ದು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ. ಗದ್ದೆಗೆ ಇಳಿದವನು ನಾನೇ ಕೊಳವೆ ತಿರುಗಿಸಿ, ನಾನೇ ಹುಡುಕಿ, ಅದನ್ನು ಮರೆತೆನೇ? ಮನುಷ್ಯನ ತಲೆ ಏನು ಬೇಕಾದರೂ ಮಾಡುತ್ತದೆ ಎಂದು ಓದಿದ್ದೇನೆ. ಆದರೆ ಆಯಿ ಚಹಾಕ್ಕೆ ಇಟ್ಟ ನೀರು ನಾನು ಮರಳಿ ಬಂದಾಗ ಇನ್ನೂ ಕುದಿ ಬಂದಿರಲಿಲ್ಲ, ಅಷ್ಟರಲ್ಲಿ ಅದನ್ನು ಹುಡುಕಿ ಹಿಡಿಯುವುದು ಆಗದ ಮಾತು.

ಯಾರು ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಇಂಥ ಕತೆಗಳಲ್ಲಿ ಸತ್ತ ಹೆಂಡತಿ ಬರುತ್ತಾಳೆ, ತಾಯಿ ಬರುತ್ತಾಳೆ, ಅಕಾಲದಲ್ಲಿ ಹೋದ ಯಾರೋ ಬರುತ್ತಾರೆ. ನನ್ನ ಅವ್ವ ಗಿಡ್ಡಗಿನ ಹೆಂಗಸು, ಕ್ವೇಸಾರ್ ನೆತ್ತಿಯ ಹತ್ತಿರ ಬಂದಾಗ ಐಪೀಸು ಆಕೆಯ ತಲೆಗಿಂತ ಮೇಲೆ ಇರುತ್ತಿತ್ತು. ಅಕ್ಕತಂಗಿಯರಿಲ್ಲ. ನಾನು ಮನಸ್ಸಿಟ್ಟವರೂ ಇಲ್ಲ, ನನ್ನ ಮೇಲೆ ಮನಸ್ಸಿಟ್ಟವರೂ ಇಲ್ಲ. ಎತ್ತರದ, ತಲೆಗೆ ಹೊದ್ದುಕೊಂಡ ಒಬ್ಬ ಹೆಂಗಸನ್ನು ನೆನಪಿನಲ್ಲಿ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ನನ್ನನ್ನು ಹುಡುಕಿಕೊಂಡು ಬರಲು ಸತ್ತವರಲ್ಲೂ ಯಾರಿಲ್ಲ ಎಂದು ತಿಳಿದಾಗ, ನಿಜ ಹೇಳುತ್ತೇನೆ, ದೆವ್ವದ ಭಯಕ್ಕಿಂತ ಅದೇ ಹೆಚ್ಚು ಕಾಡಿತು.

ಜುಜೆ ಚೇತರಿಸಿಕೊಂಡ. ಅವನಿಗೆ ಹೇಳಿದಾಗ ಅವನು ನಗಲಿಲ್ಲ, ನಂಬಿದೆನೆಂದೂ ಹೇಳಲಿಲ್ಲ. ರೋಜಿ ಮಾತ್ರ, ಅವತ್ತು ನೀವು ನಮಗಾಗಿ ಬಿಟ್ಟು ಬಂದದ್ದನ್ನು ಯಾರೋ ನೋಡಿಕೊಂಡರು, ಅದನ್ನು ಅಷ್ಟು ಕೆದಕಬೇಡಿ ಎಂದಳು. ಆದರೆ ನನ್ನ ಸ್ವಭಾವ ಕೇಳಬೇಕಲ್ಲ. ಮುಂದಿನ ಬೇಸಿಗೆಯಲ್ಲಿ ಬೇಕೆಂದೇ ಕ್ವೇಸಾರನ್ನು ನಡುವೆ ನಿಲ್ಲಿಸಿ, ಎದ್ದು ಬಂದು ಜಗಲಿಯಲ್ಲಿ ಕೂತೆ. ಹೋಗಿ ನೋಡಿದರೆ ಖಾಲಿ. ಅದು ಸರಿದು ಎಲ್ಲಿಗೋ ಹೋಗಿತ್ತು. ಇನ್ನೂ ಕೆಲವು ಸಲ ಮಾಡಿದೆ. ಪ್ರತಿ ಸಲವೂ ಹಾಗೆಯೇ. ಪ್ರಕೃತಿಯ ನಿಯಮದ ಪ್ರಕಾರ ಏನಾಗಬೇಕೋ ಅದೇ ಆಯಿತು. ನನ್ನಂಥವನಿಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಆಯಿ ಮಾತ್ರ ಆ ರಾತ್ರಿಯನ್ನು ತನ್ನ ರೀತಿಯಲ್ಲಿ ಇಟ್ಟುಕೊಂಡಿದ್ದಳು. ನಾನು ವ್ಯಾನಿನಿಂದ ಇಳಿಯುವಷ್ಟರಲ್ಲಿ ಜಗಲಿಯಿಂದಲೇ ಬಾಯಾರು ಬಂದಿದ್ದಾರೆಯೇ ಎಂದು ಕೇಳುತ್ತಿದ್ದಳು. ಮೊದಮೊದಲು ಕೂತು ತಿಳಿಸಿ ಹೇಳುತ್ತಿದ್ದೆ. ಅಂಥವರು ಯಾರೂ ಇಲ್ಲ ಆಯಿ, ನಾನು ಒಬ್ಬನೇ ಬರುವುದು ಎನ್ನುತ್ತಿದ್ದೆ. ತಲೆಯಾಡಿಸುತ್ತಿದ್ದಳು. ಮುಂದಿನ ಅಮಾವಾಸ್ಯೆಗೆ ಮತ್ತೆ ಅದೇ ಪ್ರಶ್ನೆ. ವಯಸ್ಸಾದ ಹಾಗೆ ಮರೆವು ಹೆಚ್ಚುತ್ತಿತ್ತು, ಮೊಮ್ಮಗಳ ಮನೆ ಎಲ್ಲಿದೆ ಎಂಬುದೇ ನೆನಪಿರುತ್ತಿರಲಿಲ್ಲ. ಅವರು ಮಾತ್ರ ನೆನಪಿದ್ದರು.

ಒಂದು ಸಲ ನಾನು ಬಹಳ ದಣಿದಿದ್ದೆ. ಕಾರ್ಖಾನೆಯಿಂದ ನಿವೃತ್ತಿಯಾಗಿ, ಕ್ವಾರ್ಟರ್ಸು ಬಿಟ್ಟು ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದ ವಾರವದು. ಆಯಿ ಎಂದಿನಂತೆ ಕೇಳಿದಳು. ನನ್ನ ಬಾಯಿಂದ ಬಂದದ್ದು, “ಇಲ್ಲ ಆಯಿ, ಈ ಸರ್ತಿ ಬರಲಿಲ್ಲ.”

“ಮುಂದಿನ ಸರ್ತಿ ಕರಕೊಂಡ ಬಾ ತಮ್ಮಾ,” ಎಂದಳು ಆಕೆ. “ಒಬ್ಬಾಂವ ಬರಬ್ಯಾಡ.”

ಹೂಂ ಎಂದೆ. ಪೀಠವನ್ನು ಹೊತ್ತು ಗದ್ದೆಗೆ ಇಳಿದೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಅದಾದ ಮೇಲೆ ಆಕೆ ಕೇಳಿದಾಗಲೆಲ್ಲ ಹಾಗೆಯೇ ಹೇಳುತ್ತಿದ್ದೆ. ಮೈಗೆ ಆರಾಮಿಲ್ಲ, ಬೇರೆ ಊರಿಗೆ ಹೋಗಿದ್ದಾರೆ, ನಿಮ್ಮನ್ನು ಕೇಳಿದೆ ಎಂದು ಹೇಳಿದ್ದಾರೆ ಎಂದೆಲ್ಲ. ಆಕೆ ಖುಷಿಯಾಗುತ್ತಿದ್ದಳು. ನನಗೂ ಏನೋ ಒಂದು ಆಗುತ್ತಿತ್ತು.

ಹೋದ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದೆ. ಈಗಲೂ ಆಕಾಶ ತಿಳಿಯಾದಾಗ ಅಲ್ಲಿಗೆ ಹೋಗುತ್ತೇನೆ. ಜುಜೆ ಪೀಠ ಹೊರಲು ಕೈ ಕೊಡುತ್ತಾನೆ, ರೋಜಿ ಊಟಕ್ಕೆ ಇಡುತ್ತಾಳೆ, ಅವರ ಪ್ರೀತಿಗೆ ಏನೂ ಕಡಿಮೆಯಿಲ್ಲ. ಜೊತೆಗೆ ಯಾರು ಬಂದಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅವರು ಮಲಗಿದ ಮೇಲೆ ಗದ್ದೆಯಲ್ಲಿ ನಿಂತು ಕ್ವೇಸಾರನ್ನು ಹುಡುಕುತ್ತೇನೆ. ಈಗ ಬೇಗ ಸಿಗುತ್ತದೆ. ಕೊಳವೆಯ ಮೇಲೆ ಕೈಯಿಟ್ಟು ಹಗುರಾಗಿ ತಳ್ಳುತ್ತ ನೋಡುತ್ತೇನೆ. ಕೈ ತೆಗೆದರೆ ಸರಿದು ಹೋಗುತ್ತದೆ. ಆ ಒಂದು ರಾತ್ರಿ ಯಾಕೆ ಹೋಗಲಿಲ್ಲ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.